ಸಿಂಬಿ ಕೂರುವ ಜಾಗ

ಮಲ್ಲಕ್ಕನ ನೆತ್ತಿಗೆ ಎಣ್ಣೆ ತಿಕ್ಕುತ್ತಿದ್ದ ಸುಂದ್ರವ್ವನ ಬೆರಳುಗಳು ನಿಂತವು. “ಯಕ್ಕಾ, ನಮ್ಮವರಿಗೆ ಮುಂಬೈ ಕಾಂದಿವಲ್ಯಾಗ ಕೆಲಸ ಹತ್ತೈತಿ. ನಾಳೆ ಹೊಂಟ್ವಿ. ನಿಂದ ಚಿಂತಿ ನನಗ. ಇನ್ನೂ ತುರಸ್ತೈತೇನ?”

ಇಟ್ಟಿಗೆ ಹೊತ್ತೂ ಹೊತ್ತೂ, ಬುಟ್ಟಿಯಡಿಯ ಸಿಂಬಿ ಕೂರುವಷ್ಟು ಜಾಗದಲ್ಲಿ ಮಲ್ಲಕ್ಕನ ಕೂದಲು ತೆಳುವಾಗಿತ್ತು. ಚರ್ಮ ಬಿಗಿದು ತುರಿಸುತ್ತಿತ್ತು. ಪಕ್ಕದ ಖೋಲಿಯ ಸುಂದ್ರವ್ವ ಪ್ರತಿ ಆಯಿತವಾರ ಬಂದು ತಿಕ್ಕುತ್ತಿದ್ದಳು. ಗಂಡ ಸತ್ತ ಮೇಲೆ ಮಲ್ಲಕ್ಕನ ತಲೆ ಮುಟ್ಟಿದ್ದು ಅದೊಂದೇ ಕೈ.

ಈಗಲೂ ತುರಿಸುತ್ತಿತ್ತು. “ಎಲ್ಲಾ ಹೋಗೈತಿ ಬಿಡ, ಹುಚ್ಚಿ. ನಿನ್ನ ಕೈ ತಾಗಿದ್ರ ಬೋಳು ಗುಡ್ಡದಾಗೂ ಹುಲ್ಲು ಬರತೈತಿ” ಎಂದು ಮಲ್ಲಕ್ಕ ನಕ್ಕಳು.

ಮರುದಿನ ಸುಂದ್ರವ್ವನನ್ನು ಕಳಿಸಿ ಬಂದು, ತಲೆ ತೊಳೆಯಲು ನೀರು ಕಾಸಿದಳು. ಆಮೇಲೆ ಮೈಗಷ್ಟೇ ಹೊಯ್ದುಕೊಂಡು, ಎಣ್ಣೆಯ ನೆತ್ತಿಯ ಮೇಲೇ ಸಿಂಬಿ ಇಟ್ಟುಕೊಂಡು ಕೆಲಸಕ್ಕೆ ನಡೆದಳು.