ವಾಪಸ್ ಬರುವ ಗ್ಯಾರಂಟಿ

ಹಾಸ್ಟೆಲ್ ದಿನಗಳ ಗೆಳತಿ ವತ್ಸಲಾ ಹಿಮ ಬೀಳುವ ದೇಶದಿಂದ ಕರೆಯುತ್ತಲೇ ಇದ್ದಳು. ಸರ್ವಮಂಗಳಾ ವೀಸಾಕ್ಕೆ ಎರಡನೆಯ ಸಲ ಅರ್ಜಿ ಹಾಕಿದ್ದಳು. ಈಕೆ ತನ್ನ ಊರಿಗೆ ಮರಳುತ್ತಾಳೆಂಬ ನಂಬಿಕೆ ಬರಲಿಲ್ಲವೆಂದು ಮೊದಲ ಸಲ ನಿರಾಕರಿಸಿದ್ದರು.

ಗಾಜಿನ ಆಚೆ ಕುಳಿತ ವಿದೇಶಿ ಅಧಿಕಾರಿ ಏನೋ ಕೇಳಿದ. ಪಕ್ಕದಲ್ಲಿದ್ದ ದುಭಾಷಿ ಅದನ್ನು ಕನ್ನಡದಲ್ಲಿ ಹೇಳಿದಳು.

"ನೀವು ಅಲ್ಲೇ ಉಳಿದುಬಿಡಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ, ಮೇಡಂ?"

"ಮನೇಲಿ ನಮ್ಮ ಯಜಮಾನ್ರಿದಾರಮ್ಮ."

"ಅವರಿಗೆ ಹುಷಾರಿಲ್ವಾ?"

"ಗುಂಡುಕಲ್ಲಿನ ಹಾಗಿದಾರೆ. ಆದ್ರೆ ರಿಟೈರಾದ್ರೂ ಒಂದು ಲೋಟ ಕಾಫಿ ಮಾಡ್ಕೊಳ್ಳೋಕೆ ಬರಲ್ಲ. ಹೋಟೆಲಿಂದು ಸೇರಲ್ಲ. ನಾನು ಬರದೇ ಇದ್ರೆ ಅವರ ಗತಿ?"

ದುಭಾಷಿ ನಗು ತಡೆದುಕೊಂಡು ಅನುವಾದಿಸಿದಳು. ಅಧಿಕಾರಿ ನಗು ತಡೆಯಲಿಲ್ಲ. ಆರು ತಿಂಗಳ ವೀಸಾ ಸಿಕ್ಕಿತು.

ಮನೆಗೆ ಬಂದಾಗ ಗಂಡ ಪೇಪರಿನಿಂದ ತಲೆಯೆತ್ತದೆ ಕೇಳಿದರು. "ಕೊಟ್ರಾ? ಹದಿನೈದು ದಿನಕ್ಕೆಲ್ಲ ಬಂದ್ಬಿಡ್ತೀಯ ತಾನೆ? ಹಾಂ, ಹಾಗೇ ಒಂದು ಕಾಫಿ ತಾ."

ಸರ್ವಮಂಗಳಾ ಸೀದಾ ಅಡುಗೆಮನೆಗೆ ಹೋಗಿ ಫಿಲ್ಟರನ್ನು ಕೆಳಗಿಳಿಸಿದಳು.

"ರೀ, ಪೇಪರ್ ಮಡಚಿಟ್ಟು ಇಲ್ಲಿ ಬನ್ನಿ. ಡಿಕಾಕ್ಷನ್ ಹಾಕೋದು ಕಲಿಸ್ಕೊಡ್ತೀನಿ."