ಇಪ್ಪತ್ತು ಸಲ ಅಗಿಯಿರಿ

"ಹಲ್ಲಿನ ತೊಂದರೆಯಿಂದ ಊಟ ಅರ್ಧಕ್ಕೆ ಬಿಟ್ಟಿದ್ದುಂಟಾ?" ಹಲ್ಲಿನ ಡಾಕ್ಟರಮ್ಮ ಹಾಳೆ ನೋಡಿ ಓದಿದರು. "ಯಾವತ್ತೂ ಇಲ್ಲ ಅಂದ್ರೆ ಸೊನ್ನೆ, ಯಾವಾಗಲೂ ಅಂದ್ರೆ ನಾಲ್ಕು."

"ಸೊನ್ನೆ," ಎಂದರು ಮಾವ, ಕಡ್ಡಿ ಮುರಿದಂತೆ. ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು, ಜಂಬಕ್ಕೇನೂ ಕಡಿಮೆಯಿರಲಿಲ್ಲ.

ಮೂಲೆಯ ಸ್ಟೂಲಿನಲ್ಲಿದ್ದ ಅಳಿಯನಿಗೆ ಮೈಯೆಲ್ಲ ಉರಿಯಿತು. ಒಂದು ವರ್ಷದಿಂದ ಈ ಮನುಷ್ಯ ತಟ್ಟೆ ಖಾಲಿ ಮಾಡಿದ್ದನ್ನು ಅವನು ಕಂಡಿರಲಿಲ್ಲ. ಅವನು ನಾನೂರು ಜನರ ಕ್ಯಾಂಟೀನಿನ ಮುಖ್ಯ ಅಡುಗೆಯವನು. ಅಲ್ಲಿ ಜನ ಬೆರಳು ಚೀಪುತ್ತಿದ್ದರು. ಮನೆಯಲ್ಲೂ ಅವನದೇ ಅಡುಗೆ, ಆದರೆ ಮಾವ ಎರಡೇ ತುತ್ತಿಗೆ ತಟ್ಟೆ ದೂಡಿ, "ಇದನ್ನ ದನಾನೂ ಮೂಸಲ್ಲ" ಎನ್ನುತ್ತಿದ್ದರು. ಮೊನ್ನೆ ಅವನು ಹೆಂಡತಿಗೆ ಹೇಳಿಯೇಬಿಟ್ಟಿದ್ದ: "ಈ ಮನೇಲಿ ನಾನಿರ್ಬೇಕು, ಇಲ್ಲಾ ನಿಮ್ಮಪ್ಪ ಇರ್ಬೇಕು." ಅವಳು ಅತ್ತಳು, ಆಮೇಲೆ ಅಪ್ಪನ ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು. ಆ ಚೀಲ ಈಗ ಅವನ ಕಾಲ ಬಳಿ ಇತ್ತು. ಇಲ್ಲಿಂದ ನೇರ ಬಸ್ ನಿಲ್ದಾಣ, ಹನ್ನೊಂದೂವರೆಯ ಬಸ್ಸಿಗೆ ಮಾವ ತಮ್ಮ ದೊಡ್ಡ ಮಗಳ ಊರಿಗೆ.

"ಊತಕ್ಕೊಂದು ಮಾತ್ರೆ ಬರೆದುಕೊಡಿ ಮೇಡಂ, ಬಸ್ಸಿಗೆ ಹೊತ್ತಾಯ್ತು," ಎಂದ.

"ಊತ ಒಂದನ್ನೇ ನೋಡಿ ಮಾತ್ರೆ ಬರೆಯೋಕಾಗುತ್ತಾ? ಇಡೀ ಬಾಯಿ ನೋಡ್ಬೇಕು." ಡಾಕ್ಟರಮ್ಮ ಚೂಯಿಂಗ್ ಗಮ್ ತುಂಡೊಂದನ್ನು ಮಾವನ ಕೈಗಿಟ್ಟರು. ಅರ್ಧ ಕೆಂಪು, ಅರ್ಧ ಬಿಳಿ. "ಇಪ್ಪತ್ತು ಸಲ ಅಗೀರಿ. ನುಂಗಬೇಡಿ."

"ಇದೇನ್ ಮಹಾ!" ಮಾವ ಮುಂದಿನ ಹಲ್ಲುಸಾಲು ತೋರಿಸಿ ಬಾಯಿಗೆ ಹಾಕಿಕೊಂಡರು. ಡಾಕ್ಟರಮ್ಮ ಎಣಿಸತೊಡಗಿದರು. ಆರಕ್ಕೆ ಮಾವನ ಕೈ ಕುರ್ಚಿಯ ಅಂಚನ್ನು ಹಿಡಿಯಿತು. ಒಂಬತ್ತಕ್ಕೆ ಹಣೆ ಬೆವರಿತು. ಹನ್ನೆರಡಕ್ಕೆ ಕಣ್ಣಲ್ಲಿ ನೀರು. ಅಳಿಯ ಗಡಿಯಾರ ನೋಡುವುದನ್ನು ಬಿಟ್ಟು ಮಾವನನ್ನೇ ನೋಡಿದ.

"ಸಾಕು ಬಿಡಿ, ಮಾವ."

ಮಾವ ಕೈ ಅಡ್ಡ ಆಡಿಸಿದರು. ಹಟ ಎಂದರೆ ಹಟ. ಇಪ್ಪತ್ತೂ ಮುಗಿಸಿದರು.

ಡಾಕ್ಟರಮ್ಮ ಅದನ್ನು ಚಿಮಟದಲ್ಲಿ ಎತ್ತಿ ಬಿಳಿ ಹಾಳೆಯ ಮೇಲಿಟ್ಟರು. ಕೆಂಪು ಕೆಂಪಾಗಿಯೇ ಇತ್ತು, ಬಿಳಿ ಬಿಳಿಯಾಗಿಯೇ. ನಡುವೆ ಮುಂದಿನ ಹಲ್ಲುಗಳ ಗುರುತು ಮಾತ್ರ.

"ಚಿಕ್ಕ ಮಗು ಅಗಿದ್ರೂ ಇದು ಗುಲಾಬಿ ಆಗುತ್ತೆ. ದವಡೆ ಹಲ್ಲೆಲ್ಲಾ ಅಲ್ಲಾಡ್ತಿವೆ. ಇಷ್ಟು ದಿನ ಏನು ತಿಂತಿದ್ರಿ ಯಜಮಾನ್ರೇ?"

ಮಾವ ಗೋಡೆಯತ್ತ ತಿರುಗಿದರು. ಅಳಿಯನಿಗೆ ಆ ಎರಡು ತುತ್ತುಗಳು ನೆನಪಾದವು. ಅವನ್ನೂ ಅಗಿಯದೆ ಹಾಗೇ ನುಂಗುತ್ತಿದ್ದರೇನೋ!

"ಒಂದು ಮಾತು ಹೇಳೋಕೇನಾಗಿತ್ತು ಮಾವ?"

"ಮಗಳ ಮನೇಲಿ ಕೂತು ತಿನ್ನೋನು," ಮಾವ ಗೋಡೆಗೆ ಹೇಳಿದರು. "ನನಗೆ ಬೇರೆ ಬೇಯಿಸಿ ಹಾಕು ಅಂತ ಯಾವ ಬಾಯಲ್ಲಿ ಕೇಳ್ಲಿ? ಅಡುಗೆ ಸರಿಯಿಲ್ಲ ಅನ್ನೋದೇ ಸುಲಭ ಆಯ್ತು."

ಡಾಕ್ಟರಮ್ಮ ಮೊದಲಿನ ಸೊನ್ನೆ ಹೊಡೆದುಹಾಕಿ ಕೊನೆಯ ಪ್ರಶ್ನೆಗೆ ಬಂದರು. "ಹಲ್ಲಿನ ತೊಂದರೆಯಿಂದ ಮನೆಯವರ ಮೇಲೆ ಸಿಡುಕಿದ್ದುಂಟಾ?"

ಮಾವ ತಲೆ ತಗ್ಗಿಸಿದರು. "ನಾಲ್ಕು."

ಅಳಿಯ ಚೀಲವನ್ನು ಕಾಲಿನಿಂದ ಸ್ಟೂಲಿನ ಕೆಳಕ್ಕೆ ಸರಿಸಿದ.

"ಮೂರು ಹಾಕಿ ಮೇಡಂ," ಎಂದ. "ನಿದ್ದೇಲಿ ಸುಮ್ನಿರ್ತಾರೆ."