ಅರ್ಧ ಗಂಟೆಯ ಫೋನು

ಬಾಗಿಲು ಹಾಕಿಕೊಂಡು ಕೂರಲು ಅವನಿಗೆ ಮನೆಯಲ್ಲಿ ಒಂದು ಕೋಣೆ ಇರಲಿಲ್ಲ. ಊಟದ ಮೇಜೇ ಆಫೀಸು. ಅಡುಗೆಮನೆಯಲ್ಲಿ ಹೆಂಡತಿ, ಮಗಳು ಏನೋ ಹೇಳಿಕೊಂಡು ನಗುತ್ತಿದ್ದರು. ಅವನು ಖಾಲಿ ಲೋಟ ಹಿಡಿದು ಹೊಸ್ತಿಲಿಗೆ ಬಂದದ್ದೇ ತಡ, ನಗು ನಿಂತಿತು. "ಮುಗೀತಾ ಸಾಹೇಬ್ರ ಮೀಟಿಂಗು?" ಎನ್ನುತ್ತ ಹೆಂಡತಿ ನಲ್ಲಿ ತಿರುಗಿಸಿದಳು.

ಆ ಮೌನದ ಗುರುತು ಅವನಿಗಿತ್ತು. ಆಫೀಸಿನ ಕ್ಯಾಂಟೀನಿಗೆ ಕಾಲಿಟ್ಟಾಗಲೂ ಹೀಗೇ ಆಗುತ್ತಿತ್ತು. ಪಕ್ಕದ ಕುರ್ಚಿಯವನೇ ಅವನಾಡಿದ್ದನ್ನೆಲ್ಲ ಮ್ಯಾನೇಜರನ ಕಿವಿಗೆ ಹಾಕಿ, ಬರಬೇಕಾದ ಬಡ್ತಿಗೆ ಕಲ್ಲು ಹಾಕಿದ್ದ. ಆ ಗುಂಪುಗಾರಿಕೆ ಸಾಕಾಗಿಯೇ ಅವನು ಮನೆಯಿಂದ ಕೆಲಸ ಮಾಡಲು ಅನುಮತಿ ಪಡೆದಿದ್ದ.

ಮಗಳು ಹೊರಬಂದಾಗ ಅವನು ತನ್ನ ಫೋನನ್ನು ಮೇಜಿನ ಮೇಲೆ ಅವಳತ್ತ ಸರಿಸಿದ. "ಅರ್ಧ ಗಂಟೆ ಆಡ್ಕೋ ಪುಟ್ಟಿ. ಅಮ್ಮ ನನ್ನ ಬಗ್ಗೆ ಏನಂದ್ಲು?"

ಅವಳು ಫೋನ್ ಮುಟ್ಟಲಿಲ್ಲ. ಅಡುಗೆಮನೆಯತ್ತ ಒಮ್ಮೆ ನೋಡಿ, ಥೇಟ್ ಆ ಪಕ್ಕದ ಕುರ್ಚಿಯವನ ಹಾಗೆ ದನಿ ತಗ್ಗಿಸಿದಳು. "ನೀನು ಫೋನಲ್ಲಿ ಯಾರ ಹತ್ರ ಏನ್ ಮಾತಾಡ್ತೀಯ ಅಂತ ಹೇಳಿದ್ರೆ ಅಮ್ಮ ಒಂದು ಗಂಟೆ ಕೊಡ್ತಾಳಪ್ಪ."

ಆಫೀಸಿನಲ್ಲಿ ಅವನು ಒಂದು ಬಡ್ತಿ ಕಳೆದುಕೊಂಡಿದ್ದ. ಮನೆಯಲ್ಲಿ ಇಬ್ಬರನ್ನು ಕಳೆದುಕೊಂಡ.